ಕಬಡ್ಡಿ ತಂಡದಲ್ಲಿ ಹನ್ನೆರಡೇ ಜಾಗ: ಹಳಬರಿಗೆಷ್ಟು, ಹುಡುಗರಿಗೆಷ್ಟು?

ಪ್ರಶ್ನೆ

ಅಂಕೋಲಾ ತಾಲೂಕಿನ ಒಂದು ಊರಿನ ಯುವಕ ಸಂಘದ ಕಾರ್ಯದರ್ಶಿ ನಾನು. ನಮ್ಮ ಕಬಡ್ಡಿ ತಂಡ ಕಾರವಾರದಿಂದ ಭಟ್ಕಳದವರೆಗೆ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಹೋಗುತ್ತದೆ. ಹನ್ನೆರಡು ಜನರ ತಂಡಕ್ಕೆ ಈಗ ಹದಿನೈದು ಜನ ಇದ್ದಾರೆ. ನಾಲ್ವರು ಹಳಬರು. ನಾಯಕರಿಗೆ 35 ವರ್ಷ, ರೈಡರ್. ಎಡ ಕಾರ್ನರ್ (ಡಿಫೆನ್ಸ್ ಸಾಲಿನ ಎಡ ತುದಿ) ಆಡುವವರಿಗೆ 37, ಮೊಣಕಾಲು ನೋವಿದೆ. ಬಲ ಕವರ್ (ಕಾರ್ನರ್‌ಗಿಂತ ಒಳಗಿನ ಜಾಗ) ಆಡುವವರಿಗೆ 34, ಮೀನುಗಾರಿಕೆ ಬೋಟಿಗೆ ಹೋಗುತ್ತಾರೆ. ನಾಲ್ಕನೆಯವರಿಗೆ 39. ತಂಡ ಕಟ್ಟಿದ್ದೇ ಅವರು, ಈಗ ಜಾಸ್ತಿ ಬೆಂಚಿನಲ್ಲೇ ಇರುತ್ತಾರೆ. ಆರು ಜನ 22ರಿಂದ 28ರ ಒಳಗಿನವರು. ಉಳಿದ ಐವರು 17ರಿಂದ 20ರ ಹುಡುಗರು. ಕಳೆದ ಸೀಸನ್ನಿನಲ್ಲಿ ಎರಡು ಕಡೆ ಸೆಮಿಫೈನಲ್‌ನ ಕೊನೆಯ ಐದು ನಿಮಿಷದಲ್ಲಿ ಸೋತೆವು. ಎರಡೂ ಸಲ ಹಳಬರೇ ಆಡುತ್ತಿದ್ದರು. ಈಗ ಊರಲ್ಲಿ ಎರಡು ಗುಂಪಾಗಿದೆ. ಹಳಬರನ್ನು ಪೂರ್ತಿ ಬಿಡಿ ಎನ್ನುವವರು ಕೆಲವರು. ಹುಡುಗರು ಇನ್ನೂ ಎಳೆಯರು, ಒಂದೆರಡು ವರ್ಷ ಕೂತು ಕಲಿಯಲಿ ಎನ್ನುವವರು ಕೆಲವರು. ಅಷ್ಟರಲ್ಲಿ ನಮ್ಮ ಒಬ್ಬ ಹುಡುಗನನ್ನು ಕುಮಟಾ ಕಡೆಯ ತಂಡವೊಂದು ಕರೆಯುತ್ತಿದೆ. ಅವನ ಅಪ್ಪ ಬಂದು, "ನಿಮಗೆ ಬೇಡವಾದರೆ ಹೇಳಿಬಿಡಿ" ಎಂದು ಹೋದರು. ಏನು ಮಾಡಲಿ?

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಸೇರಿಕೊಂಡಿವೆ. ಒಂದು, ಪಂದ್ಯ ಗೆಲ್ಲಬೇಕು. ಇನ್ನೊಂದು, ತಂಡ ಕಟ್ಟಿ ಬೆಳೆಸಿದವರ ಮನಸ್ಸು ನೋಯಿಸಬಾರದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸುತ್ತದೆ. ಅದು ಸಹಜ. ಸಂಜೆ ಅದೇ ಪೇಟೆಯಲ್ಲಿ, ಅದೇ ಚಹಾದಂಗಡಿಯಲ್ಲಿ ಅವರ ಮುಖ ನೋಡಬೇಕಲ್ವಾ? ಆದರೆ ಎರಡನ್ನೂ ಒಂದೇ ಸಲ ಬಗೆಹರಿಸಲು ಹೋದರೆ ಯಾವುದೂ ಆಗುವುದಿಲ್ಲ. ಮೊದಲು ಆಟದ ಲೆಕ್ಕ ನೋಡೋಣ. ಮನಸ್ಸಿನ ಮಾತು ಆಮೇಲೆ.

ನಾನು ಕರಾವಳಿಯ ಶಾಲೆ, ಕಾಲೇಜು, ಸಂಘಗಳ ತಂಡಗಳಿಗೆ ತರಬೇತಿ ಕೊಡುತ್ತ ಬಂದವನು. ಈ ಜಗಳ ಪ್ರತಿ ಊರಿನಲ್ಲೂ ನೋಡಿದ್ದೇನೆ. ಎಲ್ಲ ಕಡೆಯೂ ಅದು ವಯಸ್ಸಿನಿಂದಲೇ ಶುರುವಾಗುತ್ತದೆ. ವಯಸ್ಸು ನೋಡಿ ಆರಿಸಲು ಹೊರಟ ತಂಡ ಮಾತ್ರ ಆ ಜಗಳದಿಂದ ಹೊರಗೆ ಬಂದದ್ದನ್ನು ಕಂಡಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಕೆಲಸಕ್ಕೆ ಯಾರು, ಎಷ್ಟು ಹೊತ್ತು?

ಮೊದಲು ಜನ ಆಡುವ ಮಾತುಗಳನ್ನು ನೋಡೋಣ. "ಪ್ರೊ ಕಬಡ್ಡಿ ಬಂದ ಮೇಲೆ ಇದು ಇಪ್ಪತ್ತರ ಹುಡುಗರ ಆಟ" ಎನ್ನುತ್ತಾರೆ. ಪ್ರೊ ಕಬಡ್ಡಿ ಲೀಗಿನ 2016ರ ನಾಲ್ಕನೇ ಆವೃತ್ತಿ ಗೆದ್ದ ಪಟ್ನಾ ಪೈರೇಟ್ಸ್ ತಂಡವನ್ನು ನೆನಪಿಸಿಕೊಳ್ಳಿ. ನಾಯಕ ಧರ್ಮರಾಜ್ ಚೇರಲಾಥನ್, ಡಿಫೆಂಡರ್, ಆಗ ಅವರಿಗೆ 41 ವರ್ಷ. ಅದೇ ತಂಡದ ಮುಖ್ಯ ರೈಡರ್ ಪರ್ದೀಪ್ ನರ್ವಾಲ್‌ಗೆ 19. ಅಪ್ಪ ಮಗನ ವಯಸ್ಸಿನ ಅಂತರದ ಇಬ್ಬರು ಒಂದೇ ಅಂಕಣದಲ್ಲಿ ಕಪ್ ಗೆದ್ದರು. ಇನ್ನೊಂದು ಸಂಗತಿ ಇನ್ನೂ ಮುಖ್ಯ. ಅದೇ ಪರ್ದೀಪ್ ಲೀಗಿನಲ್ಲಿ 1,800ಕ್ಕೂ ಜಾಸ್ತಿ ರೈಡ್ ಪಾಯಿಂಟ್ ಗಳಿಸಿದವರು. ಅವರಷ್ಟು ಇನ್ಯಾರೂ ಗಳಿಸಿಲ್ಲ. ಅಂಥವರನ್ನು 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. 28ಕ್ಕೇ ನಿವೃತ್ತಿ ಹೇಳಿದರು.

41ಕ್ಕೆ ಕಪ್ ಎತ್ತಿದ ಡಿಫೆಂಡರ್, 28ಕ್ಕೆ ಮುಗಿದ ರೈಡರ್. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದರಲ್ಲೇ ಇದೆ.

ರೈಡರ್‌ಗೂ ಡಿಫೆಂಡರ್‌ಗೂ ವಯಸ್ಸು ಒಂದೇ ಥರ ಆಗುವುದಿಲ್ಲ. ರೈಡರ್‌ಗೆ ಬೇಕಾದದ್ದು ಥಟ್ಟನೆ ಹೊರಡುವ ಕಾಲು. ಅದರಲ್ಲೂ ಒಬ್ಬನನ್ನು ಮುಟ್ಟಿದ ಮೇಲೆ ಮಧ್ಯ ಗೆರೆಗೆ ವಾಪಸ್ ಜಿಗಿಯುವ ಆ ಎರಡು ಹೆಜ್ಜೆ. ಮೂವತ್ತು ದಾಟಿದ ಮೇಲೆ ಮೊದಲು ಕಡಿಮೆಯಾಗುವುದೇ ಅದು. ಮುಟ್ಟುವ ಕೈ ಹಾಗೇ ಇರುತ್ತದೆ, ಓಡಿ ಬರುವ ಕಾಲು ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ. ಹಿಂದೆ ಗೆರೆ ಮುಟ್ಟುತ್ತಿದ್ದವರು ಈಗ ಗೆರೆಗೆ ಗೇಣು ದೂರದಲ್ಲಿ ಸಿಕ್ಕಿಬೀಳುತ್ತಾರೆ. ನೋಡುವವರಿಗೆ ಅದೃಷ್ಟ ಕೆಟ್ಟಿತು ಅನ್ನಿಸುತ್ತದೆ. ಅದು ಅದೃಷ್ಟವಲ್ಲ, ಕಾಲು.

ಕಾರ್ನರ್ ಆಡುವವರ ಕೆಲಸ ಬೇರೆ. ಅಲ್ಲಿ ಮುಖ್ಯವಾದದ್ದು ಯಾವ ರೈಡ್‌ಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎನ್ನುವ ತಿಳಿವಳಿಕೆ. ಎದುರಾಳಿಯ ಮೊದಲ ರೈಡ್ ಖಾಲಿ ಹೋಯಿತು, ಎರಡನೆಯದೂ ಖಾಲಿ. ಮೂರನೆಯದು ಡೂ ಆರ್ ಡೈ. ಅವನು ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಪಳಗಿದ ಕಾರ್ನರ್ ಮೊದಲ ಎರಡು ರೈಡ್‌ನಲ್ಲಿ ಗೆರೆಯ ಹತ್ತಿರವೇ ನಿಂತು, ಕಾಲನ್ನು ರೈಡರ್ ಕೈಗೆ ಸಿಗದಂತೆ ಹಿಂದೆ ಇಟ್ಟುಕೊಂಡು, ಸುಮ್ನೆ ನೋಡುತ್ತಾರೆ. ಅವನ ಭಾರ ಯಾವ ಕಾಲಿನ ಮೇಲಿದೆ, ಯಾವ ಕಡೆಯಿಂದ ವಾಪಸ್ ತಿರುಗುತ್ತಾನೆ, ಎಲ್ಲ ಗಮನಿಸಿರುತ್ತಾರೆ. ಮೂರನೆಯ ರೈಡ್‌ನಲ್ಲಿ ಅವನು ಟೋ ಟಚ್‌ಗೆ ಅಂದರೆ ಕಾಲ್ಬೆರಳಿಂದ ಮುಟ್ಟಲು, ಕಾಲು ಚಾಚಿದ ಕ್ಷಣ ಪಾದ ಹಿಡಿಯುತ್ತಾರೆ. ಹದಿನೆಂಟರ ಹುಡುಗ ಮೊದಲ ರೈಡ್‌ಗೇ ಹಾರಿರುತ್ತಾನೆ. ಖಾಲಿ ಹೋಗುತ್ತಿದ್ದವನಿಗೆ ಪಾಯಿಂಟ್ ಕೊಟ್ಟು ತಾನೂ ಹೊರಗೆ ಕೂರುತ್ತಾನೆ. ಅವನ ಬಲಕ್ಕಾಗಲಿ ಧೈರ್ಯಕ್ಕಾಗಲಿ ಕೊರತೆ ಇಲ್ಲ. ಕಾಯುವುದು ಅವನಿಗೆ ಇನ್ನೂ ಬಂದಿಲ್ಲ, ಅಷ್ಟೇ.

ಇನ್ನು ಎದುರು ವಾದ. "ಅನುಭವವೇ ಕಪ್ ಗೆಲ್ಲಿಸುವುದು" ಎನ್ನುವವರು 2022ರ ಫೆಬ್ರವರಿಯಲ್ಲಿ ಮುಗಿದ ಎಂಟನೇ ಆವೃತ್ತಿಯ ದಬಾಂಗ್ ಡೆಲ್ಲಿಯನ್ನು ತೋರಿಸುತ್ತಾರೆ. ಮಂಜೀತ್ ಛಿಲ್ಲರ್, ಜೀವಾ ಕುಮಾರ್, ನಾಯಕ ಜೋಗಿಂದರ್ ನರ್ವಾಲ್ ಅವರಂಥ ಹಳಬರ ಡಿಫೆನ್ಸ್ ಅದು. ಫೈನಲ್‌ನಲ್ಲಿ ಪಟ್ನಾವನ್ನು 37-36ರಿಂದ ಸೋಲಿಸಿದರು. ನಿಜ. ಆದರೆ ಆ ತಂಡಕ್ಕೆ ರೈಡ್ ಪಾಯಿಂಟ್ ತಂದವರಲ್ಲಿ ಇಪ್ಪತ್ತೆರಡರ ನವೀನ್ ಕುಮಾರ್ ಇದ್ದರು ಎಂಬುದನ್ನು ಆ ವಾದದವರು ಹೇಳುವುದಿಲ್ಲ. ಹಾಗೇ ಹುಡುಗರ ಪರ ಮಾತಾಡುವವರು 2024ರಲ್ಲಿ ಹತ್ತನೇ ಆವೃತ್ತಿ ಗೆದ್ದ ಪುಣೇರಿ ಪಲ್ಟನ್ ಹೆಸರು ಹೇಳುತ್ತಾರೆ. ಬಹುತೇಕ ಎಳೆಯರ ತಂಡ, ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಆದರೆ ಆ ಹುಡುಗರನ್ನು ಯಾರೂ ಒಂದೇ ದಿನ ತಂದು ನಿಲ್ಲಿಸಿರಲಿಲ್ಲ. ಅವರಲ್ಲಿ ಹಲವರು ಅದೇ ತಂಡದ ಯುವ ಅಕಾಡೆಮಿಯಲ್ಲಿ ಒಟ್ಟಿಗೆ ಬೆಳೆದವರು. ಹಿಂದಿನ ಆವೃತ್ತಿಯ ಫೈನಲ್‌ನಲ್ಲಿ ಜೈಪುರದ ಎದುರು ಒಟ್ಟಿಗೆ ಸೋತವರು. ಆಮೇಲೆ ಗೆದ್ದರು.

ಎರಡೂ ಉದಾಹರಣೆ ನಿಮ್ಮ ಊರಿನ ಎರಡೂ ಗುಂಪಿಗೆ ಪೂರ್ತಿ ಬೆಂಬಲ ಕೊಡುವುದಿಲ್ಲ. ಪ್ರೊ ಕಬಡ್ಡಿ ತಂಡದಲ್ಲಿ 18ರಿಂದ 25 ಜನರನ್ನು ಇಟ್ಟುಕೊಳ್ಳಬಹುದು ಎಂಬುದನ್ನೂ ಮರೆಯಬೇಡಿ. ಅಲ್ಲಿ ಹೊಸ ಹುಡುಗರಿಗೆ ಬೇರೆಯದೇ ವಿಭಾಗ ಇದೆ. ನಿಮಗಿರುವುದು ಹನ್ನೆರಡು. ಒಂದು ಜಾಗ ಸುಮ್ನೆ ಹೋದರೂ ನಷ್ಟ.

"ಹುಡುಗರು ಬೆಂಚಿನಲ್ಲಿ ಕೂತು ಕಲಿಯಲಿ" ಎಂಬ ಮಾತಿಗೆ ನಾನು ಒಪ್ಪುವುದೇ ಇಲ್ಲ. ಹಾಕಿಯಲ್ಲಾದರೆ ಇದಕ್ಕೆ ಸ್ವಲ್ಪ ಅರ್ಥವಿದೆ. ಅಲ್ಲಿ ಪಂದ್ಯದ ಉದ್ದಕ್ಕೂ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಬೆಂಚಿನಲ್ಲಿರುವ ಹುಡುಗನೂ ಮೂರು ನಾಲ್ಕು ನಿಮಿಷ ಆಡಿ ವಾಪಸ್ ಬರುತ್ತಾನೆ. ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯ ನೆನಪಿದೆಯಾ? ಜರ್ಮನಿ ಎದುರು 5-4ರಿಂದ ಗೆದ್ದ ಆ ಪಂದ್ಯದಲ್ಲಿ ಎರಡು ಗೋಲು ಹೊಡೆದ ಸಿಮ್ರನ್‌ಜೀತ್ ಸಿಂಗ್ ಮೊದಲ ಪಟ್ಟಿಯ ಹದಿನಾರರಲ್ಲಿ ಇರಲೇ ಇಲ್ಲ, ಮೀಸಲು ಆಟಗಾರ. ಕಬಡ್ಡಿಯ ನಿಯಮ ಅಷ್ಟು ಸಡಿಲವಲ್ಲ. ಬದಲಾವಣೆ ಮಾಡಬೇಕಾದರೆ ಟೈಮ್ ಔಟ್ ಅಥವಾ ವಿರಾಮ ಬೇಕು. ಔಟಾಗಿ ಹೊರಗೆ ಕೂತವನ ಜಾಗಕ್ಕೆ ಬದಲಿಯನ್ನು ಇಳಿಸುವಂತಿಲ್ಲ. ಹಾಗಾಗಿ ಹನ್ನೊಂದನೆಯ, ಹನ್ನೆರಡನೆಯ ಹುಡುಗ ಪೂರ್ತಿ ಸೀಸನ್ ನೀರಿನ ಬಾಟಲಿ ಹಿಡಿದು ಕೂರುವುದೇ ಹೆಚ್ಚು. ಕೊನೆಗೆ ಅವನನ್ನು ಇಳಿಸುವುದು ಯಾವಾಗ? ತಂಡ ಹನ್ನೆರಡು ಪಾಯಿಂಟ್ ಹಿಂದಿದ್ದಾಗ. ಆಗ ಅವನು ಕಲಿಯುವುದಾದರೂ ಏನು?

ಈಗ ನಿಮ್ಮ ಎರಡು ಸೆಮಿಫೈನಲ್‌ಗೆ ಬರುತ್ತೇನೆ. ಹಳಬರಿಂದ ಸೋತೆವು ಎಂದು ಊರಿನವರು ಹೇಳುತ್ತಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಕಡೆಯ ಪಂದ್ಯಾವಳಿ ಹೇಗೆ ನಡೆಯುತ್ತದೆ ನೋಡಿ. ಸಂಜೆ ಏಳಕ್ಕೆ ಉದ್ಘಾಟನೆ ಎಂದು ಕರಪತ್ರದಲ್ಲಿ ಇರುತ್ತದೆ. ಭಾಷಣ, ಸನ್ಮಾನ ಮುಗಿದು ಮೊದಲ ಪಂದ್ಯ ಶುರುವಾಗುವಾಗ ಒಂಬತ್ತೂವರೆ. ನಿಮ್ಮ ಮೊದಲ ಪಂದ್ಯ ಹನ್ನೊಂದಕ್ಕೆ, ಎರಡನೆಯದು ಒಂದಕ್ಕೆ, ಸೆಮಿಫೈನಲ್ ಬೆಳಗಿನ ಜಾವ ಮೂರೂವರೆಗೆ. ನಡುವಿನ ಎರಡು ತಾಸು ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾರೆ. ಬೆವರು ಆರಿ, ಇಬ್ಬನಿ ಬಿದ್ದು, ಮೈ ತಣ್ಣಗಾಗಿರುತ್ತದೆ. ಹೊಟ್ಟೆಗೆ ಹೋದದ್ದು ಚಹಾ, ಬನ್ಸ್. ಧ್ವನಿವರ್ಧಕದಲ್ಲಿ ಹೆಸರು ಕೂಗಿದ ಕೂಡಲೇ ಎದ್ದು ಸೀದಾ ಅಂಕಣಕ್ಕೆ. ಇಪ್ಪತ್ತರ ಮೈ ಎರಡು ನಿಮಿಷದಲ್ಲಿ ಬಿಸಿಯಾಗುತ್ತದೆ. ಮೂವತ್ತೇಳರ ಮೈಗೆ ಹದಿನೈದು ನಿಮಿಷ ಬೇಕು. ಅಷ್ಟರಲ್ಲಿ ಮೊದಲರ್ಧ ಹೋಗಿರುತ್ತದೆ. ಮೇಲಿಂದ ಹಿಂದಿನ ಎರಡೂ ಪಂದ್ಯ ಅವರೇ ಪೂರ್ತಿ ಆಡಿದ್ದಾರೆ. ಕೊನೆಯ ಐದು ನಿಮಿಷಕ್ಕೆ ಕಾಲಿನಲ್ಲಿ ಏನು ಉಳಿದಿರುತ್ತದೆ?

ಅವರು ಆಡಿದ್ದು ತಪ್ಪಲ್ಲ. ಮೂರೂ ಪಂದ್ಯ ಅವರೇ ಆಡಬೇಕಾಗಿ ಬಂತಲ್ಲ, ತೊಂದರೆ ಅಲ್ಲಿದೆ.

ಇದನ್ನು ಊಹೆಗೆ ಬಿಡಬೇಡಿ. ಒಂದು ನೋಟ್‌ಬುಕ್ ತನ್ನಿ. ಬೆಂಚಿನಲ್ಲಿ ಕೂತವರೊಬ್ಬರು ಬರೆಯಲಿ. ಪ್ರತಿ ಡಿಫೆಂಡರ್ ಎಷ್ಟು ಸಲ ಹಿಡಿಯಲು ಹೋದರು, ಎಷ್ಟು ಸಲ ಹಿಡಿದರು. ಪ್ರತಿ ರೈಡರ್ ಎಷ್ಟು ರೈಡ್, ಎಷ್ಟು ಪಾಯಿಂಟ್, ಎಷ್ಟು ಸಲ ಔಟ್. ಮುಖ್ಯವಾಗಿ ಅದು ರಾತ್ರಿಯ ಎಷ್ಟನೆಯ ಪಂದ್ಯ, ಮೊದಲರ್ಧವೋ ದ್ವಿತೀಯಾರ್ಧವೋ ಎಂದು ಬರೆಯಲಿ. ನಾಲ್ಕೈದು ಪಂದ್ಯಾವಳಿ ಆದ ಮೇಲೆ ಆ ಪುಟಗಳನ್ನು ಎಲ್ಲರ ಎದುರು ತೆರೆಯಿರಿ. "ನಿಮ್ಮಿಂದ ಆಗಲ್ಲ" ಎಂದು ಯಾರಿಗೂ ಹೇಳಬೇಕಾಗಿಯೇ ಬರುವುದಿಲ್ಲ. ಎಷ್ಟು ಹೊತ್ತು ಆಗುತ್ತದೆ ಎಂದು ಅವರಿಗೇ ಕಾಣುತ್ತದೆ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಹಳಬರನ್ನು ಒಟ್ಟಿಗೆ ಬಿಡುವುದು ಒಂದು ದಾರಿ. ಮೊದಲ ಎರಡು ತಿಂಗಳು ಹುಮ್ಮಸ್ಸು ಇರುತ್ತದೆ. ಆಮೇಲೆ ನಾಲ್ಕು ಪಂದ್ಯ ಸಾಲಾಗಿ ಸೋತಾಗ ಹುಡುಗರನ್ನು ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಡಿಫೆನ್ಸಿನದು. ಕಾರ್ನರ್ ಮತ್ತು ಪಕ್ಕದ ಕವರ್ ಒಂದು ಜೋಡಿ. ಕಾರ್ನರ್ ಪಾದ ಹಿಡಿದರೆ ಕವರ್ ಅದೇ ಕ್ಷಣ ಬಂದು ಸೊಂಟಕ್ಕೆ ಅಡ್ಡ ನಿಲ್ಲಬೇಕು. ಈ ಹೊಂದಾಣಿಕೆ ಬಾಯಿಮಾತಿಗೆ ಬರುವುದಿಲ್ಲ, ಒಟ್ಟಿಗೆ ಆಡಿ ಆಡಿ ಬರಬೇಕು. ಒಂದೇ ಸೀಸನ್ನಿನಲ್ಲಿ ಜೋಡಿಯ ಇಬ್ಬರನ್ನೂ ಬದಲಿಸಿದರೆ ಆ ಕಡೆಯ ಗೋಡೆಯೇ ಬಿತ್ತು. ಜೋಡಿಯಲ್ಲಿ ಒಬ್ಬರನ್ನು ಬದಲಿಸಿ, ಇನ್ನೊಬ್ಬರನ್ನು ಉಳಿಸಿ. ಇದೊಂದನ್ನು ನೀವು ಬರೆದಿಟ್ಟುಕೊಂಡರೆ ಸಾಕು.

ಹೇಗಿದೆಯೋ ಹಾಗೇ ಮುಂದುವರಿಸುವುದು ಇನ್ನೊಂದು ದಾರಿ. ಈ ವರ್ಷ ಒಂದೆರಡು ಬಹುಮಾನ ಬರಬಹುದು. ಆದರೆ ಎರಡು ವರ್ಷದಲ್ಲಿ ನಾಲ್ವರೂ ಒಟ್ಟಿಗೆ ನಿಲ್ಲುತ್ತಾರೆ. ಅಷ್ಟರಲ್ಲಿ ಹುಡುಗರು ಬೇರೆ ತಂಡದಲ್ಲಿರುತ್ತಾರೆ. ಆಗ ಮೊದಲಿನ ದಾರಿಯೇ ಗತಿ, ಅದೂ ಆಳಿಲ್ಲದೆ.

ಎ ತಂಡ, ಬಿ ತಂಡ ಮಾಡುವ ಆಲೋಚನೆ ಬಂದರೆ ಈಗಲೇ ಬಿಟ್ಟುಬಿಡಿ. ಹದಿನೈದು ಜನರಲ್ಲಿ ಎರಡು ತಂಡ ಆಗುವುದಿಲ್ಲ. ಊರು ಮಾತ್ರ ಎರಡಾಗುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಹನ್ನೆರಡರಲ್ಲಿ ಹಳಬರು ಮೂವರು, ನಡುವಿನ ವಯಸ್ಸಿನವರು ಆರೂ ಜನ, ಹುಡುಗರು ಮೂವರು. ಉಳಿದ ಇಬ್ಬರು ಹುಡುಗರಿಗೆ 55, 60 ಕೆ.ಜಿ. ವಿಭಾಗದ ಪಂದ್ಯಾವಳಿಗಳಲ್ಲಿ ಪೂರ್ತಿ ಆಟ. ತೂಕದ ಮಿತಿ ಇಲ್ಲದ ಮುಕ್ತ ತಂಡದಲ್ಲಿ ಯಾರಾದರೂ ಬರದಿದ್ದರೆ ಮೊದಲ ಕರೆ ಅವರಿಗೇ. ಒಂದು ಎಚ್ಚರಿಕೆ. ತೂಕಕ್ಕೆ ಬರಲು ಹುಡುಗರು ಎರಡು ದಿನ ಊಟ ಬಿಡುವುದು, ನೀರು ಕುಡಿಯದೆ ಸ್ವೆಟರ್ ಹಾಕಿ ಓಡುವುದು ನಮ್ಮ ಕಡೆ ಇದೆ. ನಮ್ಮ ಸೆಕೆಯಲ್ಲಿ ಇದು ಜೀವಕ್ಕೇ ಅಪಾಯ. 1997ರಲ್ಲಿ ಅಮೆರಿಕದಲ್ಲಿ ಕಾಲೇಜು ಕುಸ್ತಿಯ ಮೂವರು ಹುಡುಗರು ಹೀಗೇ ತೂಕ ಇಳಿಸಲು ಹೋಗಿ ತೀರಿಕೊಂಡರು. ಹುಡುಗನ ಸಹಜ ತೂಕ 63 ಇದ್ದರೆ ಅವನು 60ರ ಆಟಗಾರ ಅಲ್ಲ. ಅಲ್ಲಿಗೆ ಮುಗಿಯಿತು.

ಎಡ ಕಾರ್ನರ್‌ನಲ್ಲಿ ನಿಮ್ಮ 37ರವರೇ ಇರಲಿ, ಆದರೆ ಮೊಣಕಾಲು ತೋರಿಸಿದ ಮೇಲೆ. ಬರೀ ನೋವು ಬೇರೆ, ಊತ ಬೇರೆ. ಆಡಿದ ಮರುದಿನ ಮೊಣಕಾಲು ಊದಿಕೊಳ್ಳುತ್ತದೆಯೇ? ಮೆಟ್ಟಿಲು ಇಳಿಯುವಾಗ, ತಿರುಗುವಾಗ ಮೊಣಕಾಲು ಜಾರಿದಂತೆ, ಕೈಕೊಟ್ಟಂತೆ ಆಗುತ್ತದೆಯೇ? ಹೌದು ಎಂದಾದರೆ ಲಿಗಮೆಂಟ್‌ಗೆ ಪೆಟ್ಟಾಗಿರಬಹುದು. ಮೂಳೆ ತಜ್ಞರು ನೋಡುವವರೆಗೆ ಅಂಕಣಕ್ಕೆ ಇಳಿಸಬೇಡಿ. ಬರೀ ಬಿಗಿತ, ಬಿಸಿಯಾದ ಮೇಲೆ ಹೋಗುತ್ತದೆ ಎಂದಾದರೂ ಒಮ್ಮೆ ತೋರಿಸಿ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮದಿಂದ ಇಂಥ ಮೊಣಕಾಲಿಗೆ ಬಹಳ ಸಹಾಯ ಆಗುತ್ತದೆ. ಮಣ್ಣಿನ ಅಂಕಣದಲ್ಲಿ ಬರಿಗಾಲು ಸ್ವಲ್ಪ ಜಾರುತ್ತದೆ. ಮ್ಯಾಟ್ ಮೇಲೆ ರಬ್ಬರ್ ಅಡಿಯ ಶೂ ಕಚ್ಚಿ ಹಿಡಿಯುತ್ತದೆ. ಪಾದ ನಿಂತು ಮೈ ತಿರುಗಿದರೆ ಆ ತಿರುಚು ಪೂರ್ತಿ ಮೊಣಕಾಲಿಗೆ. ಹಾಗಾಗಿ ಮ್ಯಾಟ್ ಪಂದ್ಯದಲ್ಲಿ ಅವರ ಆಟದ ಹೊತ್ತು ಕಡಿಮೆ ಇರಲಿ. ಮಳೆಗಾಲದ ಕೆಸರುಗದ್ದೆ ಪಂದ್ಯ ಅವರಿಗೆ ಬೇಡವೇ ಬೇಡ. ಎಷ್ಟೇ ಒತ್ತಾಯ ಬಂದರೂ ಬೇಡ.

ಅವರ ಪಕ್ಕದ ಎಡ ಕವರ್ ಜಾಗಕ್ಕೆ ನಿಮ್ಮ ಡಿಫೆಂಡರ್ ಹುಡುಗರಲ್ಲಿ ಚುರುಕಾದವನನ್ನು ನಿಲ್ಲಿಸಿ. ಬಲಗಡೆ ಕಾರ್ನರ್‌ಗೆ ನಡುವಿನ ವಯಸ್ಸಿನವರು, ಕವರ್‌ಗೆ ಬೋಟಿನವರು. ಹಳಬರ ಪಕ್ಕದಲ್ಲಿ ನಿಂತ ಹುಡುಗ ಬೆಂಚಿನಲ್ಲಿ ಒಂದು ವರ್ಷ ಕೂತು ಕಲಿಯದ್ದನ್ನು ಒಂದು ತಿಂಗಳಲ್ಲಿ ಕಲಿಯುತ್ತಾನೆ. ಕಾರಣ ಸರಳ. "ಈಗ ಬೇಡ", "ಬಿಡು ತಮ್ಮಾ, ಹೋಗಲಿ", "ಈಗ!" ಈ ಮೂರು ಮಾತು ಆ ಹೊತ್ತಿಗೇ, ಆ ರೈಡರ್ ಎದುರೇ ಅವನ ಕಿವಿಗೆ ಬೀಳುತ್ತದೆ.

ರಾತ್ರಿಯ ಮೊದಲ ಪಂದ್ಯಕ್ಕೆ ಕಾರ್ನರ್, ಕವರ್ ಆಡುವ ಇಬ್ಬರು ಹಳಬರಲ್ಲಿ ಒಬ್ಬರು ಮಾತ್ರ ಇಳಿಯಲಿ. ಎರಡನೆಯದಕ್ಕೆ ಇನ್ನೊಬ್ಬರು. ಸೆಮಿಫೈನಲ್‌ಗೆ ಇಬ್ಬರೂ. ಇದರಲ್ಲಿ ಅಪಾಯ ಇದೆ, ಮುಚ್ಚಿಡುವುದಿಲ್ಲ. ಒಂದೆರಡು ಕಡೆ ಮೊದಲ ಪಂದ್ಯದಲ್ಲೇ ಸೋತು ಹನ್ನೆರಡು ಗಂಟೆಗೆ ಮನೆಗೆ ಬರಬೇಕಾಗುತ್ತದೆ. ಆ ರಾತ್ರಿ ಯಾರಾದರೂ "ನಾನು ಮೊದಲೇ ಹೇಳಿದ್ದೆ" ಎಂದೇ ಎನ್ನುತ್ತಾರೆ. ಹಾಗಾಗಿ ಸೀಸನ್ ಶುರುವಾಗುವ ಮೊದಲೇ ಸಂಘದ ಸಭೆಯಲ್ಲಿ ಹೇಳಿಬಿಡಿ. ಜನವರಿವರೆಗೆ ನಾವು ತಂಡ ಕಟ್ಟುತ್ತೇವೆ, ಏಪ್ರಿಲ್ ಮೇ ತಿಂಗಳಲ್ಲಿ ಗೆಲ್ಲಲು ಆಡುತ್ತೇವೆ ಎಂದು.

ನಮ್ಮ ಕ್ಯಾಲೆಂಡರೇ ಇದಕ್ಕೆ ಅನುಕೂಲವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಿಮ್ಮ ಬಲ ಕವರ್ ವರ್ಷದಲ್ಲಿ ಪೂರ್ತಿ ಕೈಗೆ ಸಿಗುವುದು ಆಗಲೇ. ಶಾಲೆಯ ಸಭಾಂಗಣವೋ ಸಮುದಾಯ ಭವನವೋ ನೋಡಿ, ಆ ಎರಡು ತಿಂಗಳು ಅವರಿಂದ ಹುಡುಗರಿಗೆ ಬ್ಲಾಕ್ (ರೈಡರ್‌ಗೆ ಅಡ್ಡ ನಿಲ್ಲುವುದು), ಚೈನ್ (ಕೈ ಕೈ ಹಿಡಿದು ರೈಡರ್‌ನನ್ನು ತಡೆಯುವುದು) ಕಲಿಸಿ. ಆಗಸ್ಟ್‌ನಲ್ಲಿ ಬೋಟು ಹೊರಟ ಮೇಲೆ ಅವರು ಬಂದಾಗ ಬಂದರು. ಬರದ ರಾತ್ರಿ ಆ ಜಾಗ ಯಾರದು ಎಂದು ಆಗಲೇ ಗೊತ್ತಿರಬೇಕು. ಗದ್ದೆ ಕೊಯ್ಲು ಮುಗಿದ ಮೇಲೆ ಪಂದ್ಯಾವಳಿ ಶುರು. ಡಿಸೆಂಬರ್, ಜನವರಿ ಹುಡುಗರಿಗೆ ಕೊಡಿ. ಫೆಬ್ರವರಿ, ಮಾರ್ಚ್ ಪಿಯುಸಿ ಪರೀಕ್ಷೆಯ ಹೊತ್ತು. ಆಗ ಹುಡುಗರನ್ನು ಕರೆಯಲೇಬೇಡಿ, ಹಳಬರು ಆಡಲಿ. ಏಪ್ರಿಲ್ ಹೊತ್ತಿಗೆ ಎಲ್ಲರೂ ಸೇರುತ್ತಾರೆ. ಯಾರೂ ಯಾರ ಜಾಗವನ್ನೂ ಕಿತ್ತುಕೊಂಡಂತೆ ಆಗುವುದಿಲ್ಲ.

ನಾಯಕರ ವಿಷಯ ಕಷ್ಟದ್ದು. 35ರ ರೈಡರ್. ಮೇಲೆ ಹೇಳಿದ ಕಾಲಿನ ಲೆಕ್ಕ ಅವರಿಗೆ ಪೂರ್ತಿ ಅನ್ವಯಿಸುತ್ತದೆ. ಆದರೆ ಅವರಲ್ಲಿ ಉಳಿದಿರುವ ಕೆಲಸಗಳೂ ಇವೆ. ಎದುರು ಆರು, ಏಳು ಜನ ನಿಂತಿದ್ದಾಗ ಹೆಚ್ಚುವರಿ ಪಾಯಿಂಟ್ ಕೊಡುವ ಬೋನಸ್ ಗೆರೆ ದಾಟಿ ಬರುವುದಕ್ಕೆ ಓಟಕ್ಕಿಂತ ಕಾಲಿನ ಲೆಕ್ಕಾಚಾರ ಬೇಕು. ನಿಮ್ಮ ತಂಡ ಎರಡು ಪಾಯಿಂಟ್ ಮುಂದಿದ್ದು ಮೂರು ನಿಮಿಷ ಉಳಿದಾಗ, ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) ದಾಟಿ, ಮೂವತ್ತು ಸೆಕೆಂಡನ್ನೂ ಬಳಸಿ, ಯಾರ ಕೈಗೂ ಸಿಗದೆ ವಾಪಸ್ ಬರುವುದು ಹುಡುಗರಿಗೆ ಆಗದ ಕೆಲಸ. ಅವರು ಪಾಯಿಂಟ್‌ಗೆ ಆಸೆಪಟ್ಟು ಸಿಕ್ಕಿಬೀಳುತ್ತಾರೆ. ಡೂ ಆರ್ ಡೈ ರೈಡ್ ಮಾತ್ರ ಇನ್ನು ಹುಡುಗರಿಗೆ ಬಿಡಬೇಕು. ಮೊದಲರ್ಧ ನಿಮ್ಮ ಇಬ್ಬರು ರೈಡರ್ ಹುಡುಗರಲ್ಲಿ ಒಬ್ಬ ಆಡಲಿ, ವಿರಾಮದಲ್ಲಿ ನಾಯಕರು ಇಳಿಯಲಿ. ಕಳೆದ ವರ್ಷದ ಆ ಕೊನೆಯ ಐದು ನಿಮಿಷಕ್ಕೆ ಅವರ ಕಾಲಿನಲ್ಲಿ ಶಕ್ತಿ ಇರುತ್ತದೆ.

ಹಾಗಾದರೆ ಮೊದಲರ್ಧ ನಾಯಕ ಯಾರು? ಇಲ್ಲಿಯೇ ನೀವು ಬರೆಯದ ಆರು ಜನ ನೆನಪಾಗುತ್ತಾರೆ. ಇಡೀ ಪತ್ರದಲ್ಲಿ ಹಳಬರ ಹೆಸರಿನ ಜಗಳ, ಹುಡುಗರ ಹೆಸರಿನ ಜಗಳ. 22ರಿಂದ 28ರವರ ಬಗ್ಗೆ ಒಂದು ಸಾಲು. ಗೋವಾದಲ್ಲಿ ಕೆಲಸ ಮಾಡುತ್ತ ಶನಿವಾರ ರೈಲು ಹಿಡಿದು ಬಂದು ಆಡಿ ಹೋಗುವವರು ಪ್ರತಿ ಊರಿನ ತಂಡದಲ್ಲೂ ಈ ವಯಸ್ಸಿನವರೇ. ಇಂದಿನ ಕಪ್ ಅವರ ಮೈಮೇಲೆ ನಿಂತಿದೆ. ಮುಂದಿನ ನಾಯಕ ಅವರಲ್ಲೇ ಇರಬೇಕು. ಹುಡುಗರಿಗೆ ಅವಕಾಶ ಕೊಡುವ ಭರದಲ್ಲಿ ಅವರನ್ನು ಕಡೆಗಣಿಸಿದರೆ ಬೇಸರ ಹೇಳಿಕೊಳ್ಳದೆಯೇ ಬರುವುದನ್ನು ನಿಲ್ಲಿಸುತ್ತಾರೆ. ಅದಕ್ಕೇ ಆರೂ ಜನ ಹನ್ನೆರಡರಲ್ಲಿ ಇರಲಿ ಎಂದದ್ದು.

ನಾಯಕತ್ವ ಬಿಡುವುದು ಅವಮಾನ ಎಂದು ನಮ್ಮಲ್ಲಿ ತಿಳಿಯುತ್ತಾರೆ. ಹಾಕಿಯ ಮನ್‌ಪ್ರೀತ್ ಸಿಂಗ್ ಅವರನ್ನು ನೋಡಲು ಹೇಳಿ. ಟೋಕಿಯೋದಲ್ಲಿ ಕಂಚು ಗೆದ್ದಾಗ ನಾಯಕ ಅವರೇ. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗ್, ಮನ್‌ಪ್ರೀತ್ ತಂಡದಲ್ಲಿ ಒಬ್ಬರು. ಗ್ರೇಟ್ ಬ್ರಿಟನ್ ಎದುರಿನ ಕ್ವಾರ್ಟರ್‌ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಸಿಕ್ಕಿತು. ಉಳಿದ ನಲವತ್ತು ನಿಮಿಷಕ್ಕೂ ಜಾಸ್ತಿ ಹತ್ತೇ ಜನ. ಮಿಡ್‌ಫೀಲ್ಡ್‌ನ ಮನ್‌ಪ್ರೀತ್ ಹಿಂದೆ ಸರಿದು ಡಿಫೆನ್ಸ್‌ಗೆ ನಿಂತರು. ಪಂದ್ಯ 1-1 ಆಗಿ ಶೂಟೌಟ್‌ನಲ್ಲಿ ಭಾರತ ಗೆದ್ದಿತು. ಹೆಸರಿನ ಮುಂದೆ ನಾಯಕ ಎಂದಿರಲಿಲ್ಲ, ಆ ದಿನ ಅವರಿಲ್ಲದೆ ಆಗುತ್ತಿರಲಿಲ್ಲ.

ನಿಮ್ಮ ನಾಯಕರಿಗೆ ಈ ಮಾತು ಯಾರು, ಯಾವಾಗ ಹೇಳಬೇಕು ಎಂಬುದೂ ಮುಖ್ಯ. ಪಂದ್ಯ ಸೋತ ರಾತ್ರಿ ಬೇಡ. ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಅವರ ಮನೆಗೆ ಹೋಗಿ, ನೀವೊಬ್ಬರೇ. "ಅಣ್ಣಾ, ಈ ವರ್ಷ ಕೊನೆಯ ಹತ್ತು ನಿಮಿಷಕ್ಕೆ ನೀವು ಬೇಕು, ಅದಕ್ಕೆ ಮೊದಲ ಹತ್ತು ನಿಮಿಷ ನಿಮ್ಮನ್ನು ಉಳಿಸಬೇಕು" ಎಂದು ಸೀದಾ ಹೇಳಿ. ಅವರು ಸಿಟ್ಟಾಗಬಹುದು. ಒಂದು ವಾರ ಮಾತಾಡದೇ ಇರಬಹುದು. ಮುಂದಿನ ನಾಯಕನನ್ನು ಆರಿಸುವ ಕೆಲಸ ಅವರಿಗೇ ಕೊಡಿ. ಅವರೇ ಹೆಸರು ಹೇಳಿದರೆ ಆ ಹುಡುಗನಿಗೂ ಬಲ.

ಕುಮಟಾದ ಕರೆಯ ಬಗ್ಗೆ. ಹುಡುಗನನ್ನು ಕಟ್ಟಿಹಾಕಲು ಹೋಗಬೇಡಿ. ಅವನ ಅಪ್ಪ ಸಿಟ್ಟಿನಲ್ಲಿ ಹೇಳಿದ್ದರಲ್ಲೂ ಒಂದು ನ್ಯಾಯ ಇದೆ. ಮಗನಿಗೆ ಆಟ ಸಿಗುತ್ತದೋ ಇಲ್ಲವೋ ಎಂದು ಅವರಿಗೆ ಯಾರೂ ಹೇಳಿಲ್ಲ. ಮೂಡುಬಿದಿರೆ, ಉಜಿರೆ ಕಡೆಯ ಕಾಲೇಜುಗಳಲ್ಲಿ ಒಳ್ಳೆಯ ಆಟಗಾರರಿಗೆ ಕ್ರೀಡಾ ಕೋಟಾದ ಸೀಟು ಇದೆ. ರೈಲ್ವೆ, ಪೊಲೀಸ್‌ನಲ್ಲಿ ಕೆಲಸದ ದಾರಿಯೂ ಇದೆ. ಕಣ್ಣಿಗೆ ಬೀಳಬೇಕಾದರೆ ಅವನು ಆಡಬೇಕು. ಅಪ್ಪನನ್ನು ಕರೆದು ಕೂರಿಸಿ, ಡಿಸೆಂಬರ್ ಜನವರಿಯಲ್ಲಿ ಇಂಥಿಂಥ ಪಂದ್ಯಾವಳಿಯಲ್ಲಿ ಅಂಕಣಕ್ಕೆ ಇಳಿಯುವ ಮೊದಲ ಏಳರಲ್ಲಿ ನಿಮ್ಮ ಹುಡುಗ ಇರುತ್ತಾನೆ ಎಂದು ಹೆಸರು ಹಿಡಿದು ಹೇಳಿ. ಹೇಳಿದ ಮೇಲೆ ಅದನ್ನು ನಡೆಸಿ. ನಿಮ್ಮ ಪಂದ್ಯ ಇಲ್ಲದ ರಾತ್ರಿ ಅವನು ಕುಮಟಾ ತಂಡಕ್ಕೆ ಆಡಿದರೆ ಆಡಲಿ, ನಿಮಗೇನೂ ನಷ್ಟವಿಲ್ಲ. ಒಂದೇ ಷರತ್ತು. ಸಾಲಾಗಿ ಎರಡು ರಾತ್ರಿ ಆಡುವಂತಿಲ್ಲ. ಹುಡುಗರ ಮೈ ಬೇಗ ಬಿಸಿಯಾಗುತ್ತದೆ ಎಂದೆ. ಅದಕ್ಕೂ ದಣಿವಾಗುತ್ತದೆ. ನಿದ್ದೆಗೆಟ್ಟು ಆಡುವಾಗಲೇ ಭುಜ, ಪಾದಕ್ಕೆ ಪೆಟ್ಟಾಗುವುದು ಜಾಸ್ತಿ.

ಕೊನೆಗೆ ನಿಮ್ಮ 39ರವರು. ಅವರು ಹನ್ನೆರಡರಲ್ಲಿ ಇಲ್ಲ, ಇದನ್ನು ಸುತ್ತಿಬಳಸದೆ ಹೇಳಬೇಕು. ಆದರೆ ಅವರಿಗೊಂದು ನಿಜವಾದ ಕೆಲಸ ಇದೆ. ಗೌರವಕ್ಕೆಂದು ಹುಟ್ಟಿಸಿದ್ದಲ್ಲ. ಪ್ರತಿ ಅರ್ಧದಲ್ಲಿ ತಂಡಕ್ಕೆ ಮೂವತ್ತು ಸೆಕೆಂಡಿನ ಎರಡು ಟೈಮ್ ಔಟ್ ಸಿಗುತ್ತವೆ. ಹೆಚ್ಚಿನ ಊರ ತಂಡಗಳು ಅದನ್ನು ನೀರು ಕುಡಿಯಲು ಬಳಸುತ್ತವೆ. ಬದಲಾವಣೆ ಮಾಡಲು ಇರುವ ಬಾಗಿಲು ಅದೇ ಎಂದು ಮೇಲೆ ಹೇಳಿದೆನಲ್ಲ. ಯಾವಾಗ ಟೈಮ್ ಔಟ್ ಕೇಳಬೇಕು, ಯಾರನ್ನು ಇಳಿಸಬೇಕು ಎಂಬ ನಿರ್ಧಾರ ಅವರ ಕೈಯಲ್ಲಿರಲಿ. ನೋಟ್‌ಬುಕ್ಕೂ ಅವರ ಹತ್ತಿರವೇ ಇರಲಿ. ಪಂದ್ಯಾವಳಿಗೆ ಹೋದ ಕೂಡಲೇ ಅಲ್ಲಿನ ನಿಯಮ ಕೇಳಿಕೊಳ್ಳುವುದೂ ಅವರ ಕೆಲಸ. ಎಷ್ಟು ನಿಮಿಷದ ಆಟ, ಎಷ್ಟು ಬದಲಾವಣೆ, ಟೈಮ್ ಔಟ್ ಇದೆಯೋ ಇಲ್ಲವೋ, ಊರಿಂದ ಊರಿಗೆ ಇವೆಲ್ಲ ಬೇರೆ ಇರುತ್ತವೆ. ಸೆಮಿಫೈನಲ್‌ಗೆ ಹೆಸರು ಕೂಗುವ ಇಪ್ಪತ್ತು ನಿಮಿಷ ಮೊದಲೇ ಎಲ್ಲರನ್ನೂ ಕುರ್ಚಿಯಿಂದ ಎಬ್ಬಿಸಿ, ಅಂಕಣದ ಹಿಂದಿನ ಕತ್ತಲೆಯಲ್ಲಿ ಓಡಿಸುವುದಕ್ಕೆ ಅವರ ಧ್ವನಿಯೇ ಆಗಬೇಕು. ನೀವು ಹೇಳಿದರೆ ಹಳಬರು ಏಳುವುದಿಲ್ಲ.